ಗಾಜಿನ ಮೇಲಿನ ಡುಮ್ಮಣ್ಣಗಳು

ಬಸ್ಸಿಗೆ ಹೆಸರು ಬರೆಯುವ ಇಸಿತೊಲೊನ ಅಕ್ಷರಗಳನ್ನು ನಮ್ಮ ಉಪೋಲು ದ್ವೀಪದವರೆಲ್ಲ ಡುಮ್ಮಣ್ಣಗಳು ಅಂತಲೇ ಕರೆಯುವುದು. ಒಂದೊಂದೂ ಮೊಳದೆತ್ತರ, ಅರ್ಧ ಗೇಣಗಲ ಮೈ. ಆದರೂ ಮುಖ ನೋಡಿದರೆ ಈಗ ತಾನೇ ಭಾನುವಾರದ ಊಟ ಮುಗಿಸಿ ತೇಗಿದ ಆಸಾಮಿಗಳ ಹಾಗಿರುತ್ತವೆ. 'ಓ' ಹೊಟ್ಟೆ ಒಳಗೆಳೆದುಕೊಂಡು ಫೋಟೋಗೆ ನಿಂತಂತಿರುತ್ತದೆ. 'ಎಸ್' ಸೊಂಟ ಕುಣಿಸುತ್ತದೆ. 'ಎನ್' ಪಕ್ಕದವನಿಗೆ ಮೊಣಕೈ ತಿವಿಯುತ್ತದೆ. ನಮ್ಮ ಬಸ್ಸಿನೊಳಗೆ ಜನ ಒಬ್ಬರ ತೊಡೆಯ ಮೇಲೆ ಒಬ್ಬರು ಕೂರುವಂತೆ ಅವೂ ಸಂದಿಯಿಲ್ಲದೆ ಒತ್ತಿಕೊಂಡು ಕೂತಿರುತ್ತವೆ. ಬಸ್ಸಿನ ಹಣೆ ಹಲಗೆ ಚಿಕ್ಕದು, ಮಾಲೀಕರ ಆಸೆ ದೊಡ್ಡದು; ಬೇರೆ ದಾರಿಯೇನಿದೆ ಹೇಳಿ.

ಆ ಅಕ್ಷರ ಇಸಿತೊಲೊನ ಅಪ್ಪ ಬಿಟ್ಟುಹೋದದ್ದು. ಅಪ್ಪ ಅಪಿಯಾ ಪೇಟೆಯ ಹಳೇ ಟಾಕೀಸಿನಲ್ಲಿ ಕಸ ಗುಡಿಸುತ್ತಿದ್ದ. ಕುದುರೆ, ಕೋವಿ, ದೊಡ್ಡ ಟೋಪಿಗಳ ಸಿನಿಮಾ ಪೋಸ್ಟರುಗಳನ್ನು ಹರಿದೆಸೆಯುವ ಮೊದಲು ಅದರ ಅಕ್ಷರಗಳನ್ನು ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆದು ಕಲಿತ. ಟಾಕೀಸು ಮುಚ್ಚಿತು, ಟೋಪಿಯವರೆಲ್ಲ ಎಲ್ಲಿ ಹೋದರೋ, ಅಕ್ಷರ ಮಾತ್ರ ನಮ್ಮ ಮರದ ಬಸ್ಸುಗಳ ಹಣೆಯ ಮೇಲೆ ಉಳಿಯಿತು. ಹೋದ ವರ್ಷ ಆಕ್ಲೆಂಡಿನಿಂದ ಬಂದ ಇಸಿತೊಲೊನ ತಂಗಿಯ ಮಗಳು ಅವನಿಂದ ಇಡೀ ಅಕ್ಷರಮಾಲೆ ಬರೆಸಿಕೊಂಡು ಹೋಗಿ ಕಂಪ್ಯೂಟರಿಗೆ ಹಾಕಿದಳು. ಈಗ ಅಲ್ಲಿನ ಕಾಫಿ ಅಂಗಡಿಗಳ ಬೋರ್ಡಿನಲ್ಲಿ, ಹುಡುಗರ ಟೀ ಶರ್ಟಿನಲ್ಲಿ ಎಲ್ಲೆಲ್ಲೂ ಇವನ ಡುಮ್ಮಣ್ಣಗಳಂತೆ. 'ಹಳೇ ಕಾಲದ ತಮಾಷೆ ಅಕ್ಷರ' ಅಂತ ಅದಕ್ಕೆ ಅಲ್ಲಿ ಬಹಳ ಬೇಡಿಕೆಯಂತೆ. ಈ ಸುದ್ದಿ ಬಂದಂದಿನಿಂದ ಇಸಿತೊಲೊ ಕುತ್ತಿಗೆ ಬಗ್ಗಿಸಿ ನಡೆದದ್ದನ್ನು ಯಾರೂ ನೋಡಿಲ್ಲ.

"ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ" ಎಂದು ಹೆಂಡತಿ ಪೆಪೆ ಹಂಗಿಸಿದಳು. ಅವನು ಅದನ್ನೂ ಹೊಗಳಿಕೆಯೆಂದೇ ತೆಗೆದುಕೊಂಡ.

ಇಂಥ ದಿನಗಳಲ್ಲಿಯೇ ಫಿಲಿಪೊ ಬಂದದ್ದು. ಅವನದು 'ಬಿಳಿ ಹಕ್ಕಿ' ಎಂಬ ಬಸ್ಸು, ಪೇಟೆಯಿಂದ ದಕ್ಷಿಣ ತೀರದ ಹಳ್ಳಿಗಳಿಗೆ ಓಡುವುದು. ಅದೇ ದಾರಿಗೆ ಇನ್ನೊಬ್ಬ 'ಅಲೆಗಳ ಮೇಲೆ ಕುಣಿವ ರಾಣಿ' ಅಂತ ಹೊಸ ಬಸ್ಸು ಬಿಟ್ಟಿದ್ದ. ಅಷ್ಟುದ್ದದ ಹೆಸರು ನೋಡಿ ಫಿಲಿಪೊನ ಹೊಟ್ಟೆಗೆ ಕಿಚ್ಚು ಬಿದ್ದಿತ್ತು.

"ನನ್ನಮ್ಮನ ಪ್ರಾರ್ಥನೆ ಕಾಯುವ ಬಿಳಿ ಹಕ್ಕಿ. ಇಷ್ಟೂ ಮುಂದುಗಡೆನೇ ಬರ್ಬೇಕು ನೋಡು" ಎಂದ.

"ಹಲಗೆ ಇರೋದೇ ಇಷ್ಟು ಮಾರಾಯ. ನಿಮ್ಮಮ್ಮನ ಪ್ರಾರ್ಥನೇನ ಸ್ವಲ್ಪ ಚಿಕ್ಕದು ಮಾಡು."

"ಸತ್ತ ತಾಯಿ ವಿಷಯದಲ್ಲಿ ಚೌಕಾಸಿ ಮಾಡ್ತೀಯೇನೋ? ಹಲಗೇಲಿ ಹಿಡಿದಷ್ಟು ಬರಿ. ಉಳಿದಿದ್ದು ಗಾಜಿನ ಮೇಲೆ, ಕೆಳಗಡೆ. ವೈಪರ್ ಮೇಲಿಂದ ನೇತಾಡತ್ತೆ, ಅಲ್ಲೀತನಕ ಬರೋದೇ ಇಲ್ಲ. ಸುಮ್ನೆ ಬಿದ್ದಿರೋ ಜಾಗ!"

ಇಸಿತೊಲೊ ಹಿಂಜರಿದ. ಹಲಗೆ ನಮ್ಮದು, ಗಾಜು ಡ್ರೈವರಂದು ಎಂದು ಅಪ್ಪ ಕುಂಚ ಕೈಗೆ ಕೊಟ್ಟ ದಿನವೇ ಹೇಳಿದ್ದ. ಫಿಲಿಪೊ ಅವನ ಮುಖ ನೋಡಿದ, ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿದ.

"ಆಗಲ್ಲ ಅಂದ್ರೆ ಬಿಡು. ಆಕ್ಲೆಂಡಲ್ಲಿ ದೊಡ್ಡ ಮನುಷ್ಯ ಆಗ್ಬಿಟ್ಟಿದ್ದೀಯ. ಪೇಟೇಲಿ ಸ್ಟಿಕ್ಕರ್ ಅಂಗಡಿಯವನಿದಾನೆ, ನಿನ್ನ ಡುಮ್ಮಣ್ಣಗಳನ್ನೇ ಕಂಪ್ಯೂಟರಲ್ಲಿ ಕತ್ತರಿಸಿ ಅಂಟಿಸ್ಕೊಡ್ತಾನೆ."

ಅಷ್ಟು ಸಾಕಾಯಿತು. ಮಾರನೆಯ ದಿನ ಇಸಿತೊಲೊ ಪೆಟ್ಟಿಗೆಯ ಮೇಲೆ ನಿಂತು, ಹೊರಗಿನಿಂದ, ಗಾಜಿನ ಕೆಳಭಾಗದಲ್ಲಿ ಒಂದು ಸಾಲು ಡುಮ್ಮಣ್ಣಗಳನ್ನು ಕೂರಿಸಿದ. ಕಿರಿದಾದ ಗಾಜಿನ ಅಗಲಕ್ಕೆ ಮಾತು ಉದ್ದವಾಯಿತು. ಅಗಲಕ್ಕೆ ಜಾಗವಿಲ್ಲದ ಅಕ್ಷರ ಎತ್ತರಕ್ಕೇ ಬೆಳೆಯಬೇಕಲ್ಲ? ಬೆಳೆಸಿದ. ಹಳದಿ ಮೈ, ಕೆಂಪು ಅಂಚು, ನಡುವೆ ಬೆರಳು ತೂರದಷ್ಟು ಒತ್ತು. ದೂರ ನಿಂತು ನೋಡಿ ತನಗೆ ತಾನೇ ಭೇಷ್ ಎಂದುಕೊಂಡ. ನಿಜ ಹೇಳಬೇಕೆಂದರೆ ಅವನು ಆವರೆಗೆ ಬರೆದುದರಲ್ಲೆಲ್ಲ ಅದೇ ಚೆಂದದ ಸಾಲು.

ಬಸ್ಸಿನ ಡ್ರೈವರ್ ಮಲಾಕಿ ಇಪ್ಪತ್ತಾರರ ಹುಡುಗ, ಮಾತು ಕಡಿಮೆ. ಸೀಟಿನಲ್ಲಿ ಕೂತು ಕತ್ತು ಉದ್ದ ಮಾಡಿದ, ಗಿಡ್ಡ ಮಾಡಿದ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಅಣ್ಣಾ, ಬಸ್ಸಿನ ಬುಡದಲ್ಲಿ ಏನೂ ಕಾಣಲ್ವಲ್ಲ."

"ಬುಡದಲ್ಲಿ ಏನೋ ಇದೆ ನಿನಗೆ? ರಸ್ತೆ ಮುಂದೆ ಇರತ್ತೆ, ಮುಂದೆ ನೋಡು. ಅಷ್ಟು ಕತ್ತು ಚಾಚೋದು ಯಾವ ಹುಡುಗೀನ ನೋಡಕ್ಕೆ?" ಎಂದ ಇಸಿತೊಲೊ.

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಮಲಾಕಿಯೂ ನಕ್ಕ. ಪಾಪ, ನಗದೆ ಏನು ಮಾಡಿಯಾನು?

ಮೂರು ವಾರ ಬಸ್ಸು ಜಂಬದಿಂದ ಓಡಿತು. ಆಮೇಲೊಂದು ಶನಿವಾರ ಸಂಜೆ ಮನಾಯಾ ಎಂಬ ಏಳು ವರ್ಷದ ಹುಡುಗಿ ತನ್ನ ಹಳ್ಳಿಯಲ್ಲಿ ಬಸ್ಸಿಳಿದಳು. ಮಲಾಕಿಯ ಕೈಗೆ ಚಿಲ್ಲರೆ ಕೊಟ್ಟಳು. ಬ್ರೆಡ್ಡಿನ ಚೀಲ ಎದೆಗವಚಿಕೊಂಡು ಬಸ್ಸಿನ ಮುಂದಿನಿಂದ ರಸ್ತೆ ದಾಟಲು ಹೊರಟಳು. ಮಲಾಕಿ ಕನ್ನಡಿ ನೋಡಿದ, ಮುಂದೆ ನೋಡಿದ, ರಸ್ತೆ ಖಾಲಿ. ಬಸ್ಸು ಬಿಟ್ಟ.

ಹುಡುಗಿ ಸಾಯಲಿಲ್ಲ. ಆದರೆ ಪೇಟೆಯ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಳು, ಬಿಡುತ್ತಾಳೋ ಇಲ್ಲವೋ ಡಾಕ್ಟರಿಗೂ ಗೊತ್ತಿರಲಿಲ್ಲ. ಮಲಾಕಿಯನ್ನು ಆ ಹಳ್ಳಿಯ ಹುಡುಗರು ಕೊಂದೇಬಿಡುತ್ತಿದ್ದರು. ಪಾದ್ರಿ ಅಡ್ಡ ಬಂದು ಪೊಲೀಸರಿಗೊಪ್ಪಿಸಿದ. "ಕಾಣಲಿಲ್ಲ, ದೇವರಾಣೆ ಕಾಣಲಿಲ್ಲ" ಎನ್ನುವುದು ಬಿಟ್ಟು ಅವನ ಬಾಯಲ್ಲಿ ಬೇರೆ ಮಾತಿರಲಿಲ್ಲ. ಬಸ್ಸನ್ನು ಫಿಲಿಪೊನ ಅಂಗಳದಲ್ಲಿ ನಿಲ್ಲಿಸಿರಿ, ಸೋಮವಾರ ಬಂದು ಪರೀಕ್ಷೆ ಮಾಡುತ್ತೇವೆ ಎಂದು ಪೊಲೀಸರು ಹೇಳಿಹೋದರು. ನಡುವೆ ಭಾನುವಾರವಿತ್ತು, ಭಾನುವಾರ ನಮ್ಮಲ್ಲಿ ಯಾರು ಕೆಲಸ ಮಾಡುತ್ತಾರೆ?

ಸುದ್ದಿ ಕೇಳಿದ ಇಸಿತೊಲೊ, ಹುಡುಗಿ ಬಸ್ಸಿನ ಬುಡದಲ್ಲಿದ್ದಳಂತೆ ಎಂದು ಹೇಳಿದವರ ಬಾಯನ್ನೇ ನೋಡುತ್ತ ಕೂತ. ಭಾನುವಾರ ಇಗರ್ಜಿಯಲ್ಲಿ ಹಾಡುವಾಗ ಬಾಯಾಡಿತು, ದನಿ ಬರಲಿಲ್ಲ. ಮನೆಗೆ ಬಂದು ಬೇಯಿಸಿದ ಕೆಸುವಿನ ಗಡ್ಡೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಊಟವಾಗಿ ಊರೆಲ್ಲ ಅಂಗಾತ ಮಲಗಿ ಗೊರಕೆ ಹೊಡೆಯುವ ಹೊತ್ತಿಗೆ ಫೋನು ಬಂತು.

"ಬ್ಲೇಡು ತಗೊಂಡು ಬಾ" ಎಂದ ಫಿಲಿಪೊ.

"ಇವತ್ತು ಭಾನುವಾರ."

"ನಂಗೆ ಗೊತ್ತಿಲ್ವಾ? ನಾಳೆ ಪೊಲೀಸ್ನೋರು ಬರ್ತಾರೆ. ಗಾಜಿನ ಮೇಲಿಂದು ನೋಡಿದ್ರೆ ನನ್ನ ಪರ್ಮಿಟ್ಟೂ ಹೋಯ್ತು, ನಿನ್ನ ಹೆಸರೂ ಹೋಯ್ತು. ಆಕ್ಲೆಂಡಿನ ಪೇಪರಲ್ಲಿ ಬರತ್ತೆ, ಮಗೂನ ಕೊಂದ ಅಕ್ಷರ ಅಂತ. ಬೇಕಾ?"

ಇಸಿತೊಲೊ ಹೋದ. ಹೋಗಬಾರದಿತ್ತು, ಆದರೆ ಹೋದ. ಬಿಸಿಲಿಗೆ ಬಣ್ಣ ಸುರುಳಿ ಸುರುಳಿಯಾಗಿ ಎದ್ದು ಬಂತು. ಅಮ್ಮನ ಪ್ರಾರ್ಥನೆ ಚೂರು ಚೂರಾಗಿ ನೆಲಕ್ಕೆ ಬಿತ್ತು. ಕೊನೆಗೆ ತಿನ್ನರ್ ಹಾಕಿ ಒರೆಸಿದ. ಗಾಜು ಫಳಫಳ ಹೊಳೆಯಿತು. ಮನೆಗೆ ಬಂದಾಗ ಪೆಪೆ ಎದ್ದು ಕೂತಿದ್ದಳು. ಅವನ ಉಗುರ ಸಂದಿಯ ಹಳದಿ ನೋಡಿದಳು, ತಿನ್ನರ್ ಡಬ್ಬಿ ಎತ್ತಿ ಮನೆಯ ಹೊರಗಿಟ್ಟಳು.

ಸೋಮವಾರ ಇನ್ಸ್‌ಪೆಕ್ಟರ್ ಬಂದು ಬ್ರೇಕು ನೋಡಿದ, ಚಕ್ರ ನೋಡಿದ, ಡ್ರೈವರನ ಸೀಟಿನಲ್ಲಿ ಕೂತು ಗಾಜಿನಲ್ಲಿ ನೋಡಿದ. ಎಲ್ಲ ಸರಿಯಿದೆ. ಗಾಜಿನ ಮೇಲೆ ಮೊದಲು ಏನಿತ್ತೆಂದು ಅವನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಬಸ್ಸಿನ ಮುಂದೆ ನಿಂತ ಫಿಲಿಪೊನ ಮೊಮ್ಮಗುವೂ ಕಾಣಿಸಿತಂತೆ. ಅಲ್ಲಿಗೆ ಮಲಾಕಿಯ ಕತೆ ಮುಗಿಯಿತು. ಫೋನು ನೋಡುತ್ತಿದ್ದ ಎಂದು ಒಬ್ಬ, ಕುಡಿದಿದ್ದ ಎಂದು ಇನ್ನೊಬ್ಬ. ಆಡುವ ಬಾಯಿಗೆ ಬೀಗ ಹಾಕುವವರು ಯಾರು? ಬಸ್ಸನ್ನು ಪೊಲೀಸ್ ಠಾಣೆಯ ಅಂಗಳಕ್ಕೆ ಒಯ್ದರು. ಮಲಾಕಿಯನ್ನು ಕೋರ್ಟಿನ ದಿನದವರೆಗೆ ಬಿಟ್ಟರು. ಬಿಟ್ಟದ್ದು ಯಾಕೆಂದರೆ ಮರುದಿನ ಬೆಳಗ್ಗೆ ಅವನ ಮನೆಯವರು ಇಫೋಂಗಾಕ್ಕೆ ಹೋಗುವವರಿದ್ದರು. ಸೂರ್ಯ ಹುಟ್ಟುವ ಮೊದಲು, ನೊಂದವರ ಮನೆಯ ಮುಂದೆ, ನವಿರು ಚಾಪೆ ತಲೆಯ ಮೇಲೆ ಹೊದ್ದು ನೆಲದಲ್ಲಿ ಕೂರುವುದು. ನೊಂದವರು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ದೇವರೇ ಗತಿ.

"ಮಲಾಕಿ ಅಕ್ಷರದ ವಿಷಯ ಬಾಯೇ ಬಿಟ್ಟಿಲ್ವಂತೆ" ಎಂದ ಇಸಿತೊಲೊ ಹೆಂಡತಿಗೆ. "ಗಾಜು ಖಾಲಿ ಇರೋದನ್ನ ನೋಡಿದಾನೆ. ನೋಡಿಯೂ ಸುಮ್ನಿದಾನೆ."

"ಇನ್ನೇನು ಮಾಡ್ತಾನೆ? ಅವನ ಮನೆ ಒಲೆ ಉರಿಯೋದು ಫಿಲಿಪೊ ಕೊಡೋ ಸಂಬಳದಲ್ಲಿ. ಮೇಲಾಗಿ ಚಾಪೆ ಕೆಳಗೆ ಕೂತೋನು ನೆಪ ಹೇಳೋ ಹಾಗಿದೆಯಾ?" ಪೆಪೆ ಅವನ ಕಡೆ ತಿರುಗಿದಳು. "ಬಾಯಿರೋನು ನೀನು. ನೀನ್ಯಾಕೆ ಸುಮ್ನಿದೀಯ?"

"ಆ ಹುಡುಗ ಜೈಲಿಗೆ ಹೋಗ್ತಾನೆ ಪೆಪೆ."

"ಅದನ್ನ ನಂಗೆ ಯಾಕೆ ಹೇಳ್ತೀಯ? ನಮ್ಮ ಊರ ಯಜಮಾನರ ಹತ್ರ ಹೋಗು. ಅವರು ಜೊತೆಗೆ ಬರಲಿ. ಒಬ್ಬನೇ ಹೋಗಿ ಕೂತ್ರೆ ಅದಕ್ಕೇನು ಬೆಲೆ?"

ಯಜಮಾನರ ಹತ್ತಿರ ಹೋದರೆ ಭಾನುವಾರ ಬ್ಲೇಡು ಹಿಡಿದದ್ದನ್ನೂ ಹೇಳಬೇಕಾಗುತ್ತದೆ. ದಂಡಕ್ಕೆ ಹಂದಿ ಕೇಳುತ್ತಾರೆ, ಅದು ಹೋಗಲಿ. ಇಡೀ ಸಭೆಯ ಮುಂದೆ ತಲೆ ತಗ್ಗಿಸಬೇಕು. ಅದೊಂದು ಅವನ ಕೈಲಾಗಲಿಲ್ಲ. ಮಂಗಳವಾರ ಕೋಳಿ ಕೂಗುವ ಮೊದಲು ಒಬ್ಬನೇ ಹೊರಟು ನಿಂತ. ಪೆಪೆ ಪೆಟ್ಟಿಗೆಯಿಂದ ಚಾಪೆ ತೆಗೆದು ಅವನ ತೋಳಿನ ಮೇಲೆ ಹಾಕಿದಳು.

"ನಮ್ಮಮ್ಮ ನೇಯ್ದಿದ್ದು" ಎಂದಳು. "ನಿನ್ನ ತಪ್ಪಿಗೆ ಅಂತ ನೇಯ್ದಿರ್ಲಿಲ್ಲ."

ಅವನು ತಲುಪಿದಾಗ ಮಲಾಕಿಯ ಕಡೆಯವರು ಆಗಲೇ ಕೂತಾಗಿತ್ತು. ಒಂದು ದೊಡ್ಡ ಚಾಪೆಯ ಕೆಳಗೆ ಮಲಾಕಿ ಮತ್ತು ಅವನ ಮನೆತನದ ಯಜಮಾನ, ಹಿಂದೆ ತಲೆ ತಗ್ಗಿಸಿದ ಇಪ್ಪತ್ತು ಮೂವತ್ತು ಜನ. ಮುಂದೆ ಸೌದೆ, ಕಲ್ಲು, ಎಲೆ: ನಮ್ಮನ್ನು ಬೇಯಿಸಿ ತಿನ್ನಬೇಕೆಂದರೂ ತಿನ್ನಿ ಎಂದು ಹೇಳುವ ನಮ್ಮ ಹಿರಿಯರ ರೀತಿ. ಎದುರಿಗೆ ಗೋಡೆಯಿಲ್ಲದ ಮನೆ. ಕಂಬಕ್ಕೊರಗಿ ಮನಾಯಾಳ ಅಜ್ಜಿ ಫೆತು ಕೂತಿದ್ದಳು. ಆ ಮನೆತನದ ಯಜಮಾನಿಕೆ ಅವಳದೇ. ಬೆನ್ನು ಬಿಲ್ಲಿನಂತೆ ಬಾಗಿತ್ತು, ಮುಖದಲ್ಲಿ ನಿದ್ದೆಯಿಲ್ಲದ ಮೂರು ದಿನದ ಕಪ್ಪು. ಕತ್ತಿ ಹಿಡಿದ ಇಬ್ಬರು ಮೊಮ್ಮಕ್ಕಳು ಪಕ್ಕದಲ್ಲಿ ನಿಂತಿದ್ದರು.

ಇಸಿತೊಲೊ ಎಲ್ಲರಿಂದ ದೂರ, ಒದ್ದೆ ಹುಲ್ಲಿನಲ್ಲಿ ಮಂಡಿಯೂರಿ ಚಾಪೆ ಹೊದ್ದುಕೊಂಡ.

ಮಲಾಕಿಯ ಕಡೆಯವನೊಬ್ಬ ಗದರಿದ. "ಯಾರೋ ಅದು? ನಮ್ಮ ಕುಲದೋನಲ್ಲ. ಏಳೋ, ಇದೇನು ಬಸ್ ಸ್ಟಾಂಡಾ ಸಿಕ್ಕಿದಲ್ಲಿ ಕೂರೋಕೆ?"

ಅವನು ಏಳಲಿಲ್ಲ.

ಬಿಸಿಲೇರಿತು. ಚಾಪೆಯೊಳಗೆ ಉಸಿರು ಕಟ್ಟಿತು, ಬೆವರು ಕಣ್ಣಿಗಿಳಿಯಿತು. ಮನೆಯೊಳಗಿಂದ ಯಾರೂ ಎದ್ದು ಬರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಹೆಜ್ಜೆ ಸದ್ದು ಕೇಳಿತು. ಫೆತು ಅಜ್ಜಿ ಮಲಾಕಿಯ ಚಾಪೆ ಎತ್ತಿದಳು. ಒಮ್ಮೆಲೇ ಎಲ್ಲರೂ ಅತ್ತರು. ಆ ಹುಡುಗ ಅವಳ ಕಾಲು ಹಿಡಿದುಕೊಂಡು ಹಸುವಿನ ಕರುವಿನಂತೆ ಕೂಗಿದ್ದು ಇಸಿತೊಲೊನ ಕಿವಿಗೆ ಬಿತ್ತು. ಆಮೇಲೆ ಎಲ್ಲರನ್ನೂ ಒಳಗೆ ಕರೆದರು. ಭಾಷಣಗಳಾದವು. ಕೋಕೋದ ವಾಸನೆ ಬಂತು. ಇವನ ಚಾಪೆಯ ಹತ್ತಿರ ಯಾರೂ ಸುಳಿಯಲಿಲ್ಲ.

ಕೊನೆಗೆ ಅಜ್ಜಿಯ ದನಿಯೇ ತಲೆಯ ಮೇಲೆ ಕೇಳಿತು.

"ಯಾರಪ್ಪ ನೀನು? ನಿನ್ನ ಯಜಮಾನರೆಲ್ಲಿ?"

"ಯಾರೂ ಬಂದಿಲ್ಲ ಅಜ್ಜಿ. ನಾನೊಬ್ಬನೇ. ಬಸ್ಸಿನ ಹೆಸರು ಬರೆಯೋನು."

"ಹೆಸರು ಬರೆಯೋನಿಗೆ ಇಲ್ಲೇನು ಕೆಲಸ?"

ಅವನು ಹೇಳಿದ. ಗಾಜಿನ ಮೇಲೆ ಬರೆದದ್ದು, ಮಲಾಕಿ ಕಾಣುವುದಿಲ್ಲ ಎಂದದ್ದು, ತಾನು ಹುಡುಗಿಯ ಮಾತೆತ್ತಿ ನಗಿಸಿದ್ದು, ಭಾನುವಾರ ಕೆರೆದು ತೆಗೆದದ್ದು. ಒಂದನ್ನೂ ಬಿಡಲಿಲ್ಲ. ಚಾಪೆಯೊಳಗಿನ ಕತ್ತಲಲ್ಲಿ ಹೇಳುವುದು ಸುಲಭವಾಯಿತು. ಹೇಳಿ ಮುಗಿಸಿದಾಗ ಎದೆ ಹಗುರಾಯಿತು ಕೂಡ, ಮಾನಗೇಡಿ! ಇನ್ನು ಅಜ್ಜಿ ಚಾಪೆ ಎತ್ತುತ್ತಾಳೆ ಎಂದು ಕತ್ತು ಬಗ್ಗಿಸಿ ಕಾದ.

ಅಜ್ಜಿ ಎತ್ತಲಿಲ್ಲ.

"ಮಗು ಮೈಮೇಲೆ ಬಸ್ ಹತ್ತಿದ ಮಾರನೇ ದಿನ ಬ್ಲೇಡ್ ತಗೊಂಡು ಹೋದ್ಯಾ?" ಎಂದು ಕೇಳಿದಳು. ದನಿ ಏರಲಿಲ್ಲ. "ನಾವು ಇಗರ್ಜೀಲಿ ಅವಳ ಉಸಿರಿಗೆ ಅಂತ ಮಂಡಿಯೂರಿದ್ವಲ್ಲ, ಆಗ?"

"ಹೌದು ಅಜ್ಜಿ."

"ಈ ಹುಡುಗನ್ನ ಮೂರು ದಿನ ಶಪಿಸಿದೀನಿ ನಾನು. ಕುರುಡಾಗಿ ಸಾಯಿ ಅಂತ ಶಪಿಸಿದೀನಿ." ಕೋಲನ್ನು ಹುಲ್ಲಿಗೆ ಕುಟ್ಟಿದಳು. "ಏಳು. ಚಾಪೆ ನೀನೇ ತಕ್ಕೋ, ನಾನು ಮುಟ್ಟಲ್ಲ. ಕತ್ತಲಲ್ಲಿ ಕೂತು ನನ್ನ ಕಿವೀಲಿ ಹೇಳಿದ್ರೆ ಆಗ್ಲಿಲ್ಲ. ನಿನ್ನ ಬಣ್ಣ, ಕುಂಚ ತಗೊಂಡು ಪೊಲೀಸ್ನೋರ ಅಂಗಳಕ್ಕೆ ಬಾ. ಹೆಂಗಿತ್ತೋ ಹಂಗೇ ಬರಿ. ನಂಗೆ ತೋರಿಸು."

ಮಧ್ಯಾಹ್ನದ ಹೊತ್ತಿಗೆ ಠಾಣೆಯ ಅಂಗಳದಲ್ಲಿ ಸಂತೆಯಷ್ಟು ಜನ ಸೇರಿದ್ದರು. ಇಸಿತೊಲೊ ಹೇಳಿದ್ದನ್ನು ಕೇಳಿ ಇನ್ಸ್‌ಪೆಕ್ಟರ್ ಮೊದಲು ರೇಗಿದ, ಆಮೇಲೆ ಗಾಜಿನ ಅಂಚಿನಲ್ಲಿ ಉಳಿದಿದ್ದ ಹಳದಿ ಚೂರನ್ನು ಉಗುರಿನಿಂದ ಕೆರೆದು ನೋಡಿ, ಬರಿ ಎಂದ. ಫಿಲಿಪೊ ಬಂದವನು ಗೇಟಿನ ಹೊರಗೇ ನಿಂತ. ಪೆಪೆಯೂ ಬಂದಿದ್ದಳು, ಚಾಪೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು.

ಇಸಿತೊಲೊ ಪೆಟ್ಟಿಗೆ ಹತ್ತಿದ. ಹೇಗೋ ಒಂದು ಗೀಚಿ ಇಳಿದುಬಿಡೋಣ, ಅಳತೆ ತೋರಿದರೆ ಸಾಕಲ್ಲ ಎಂದುಕೊಂಡಿದ್ದ. ಆದರೆ ಕುಂಚ ಗಾಜಿಗೆ ತಾಗಿದ್ದೇ ತಡ, ನಲವತ್ತು ವರ್ಷ ಬರೆದ ಕೈ ತನ್ನ ಪಾಡಿಗೆ ತಾನು ಹೊರಟಿತು. 'ಓ' ಹೊಟ್ಟೆ ಒಳಗೆಳೆದುಕೊಂಡಿತು. 'ಎಸ್' ಸೊಂಟ ಕುಣಿಸಿತು. ಒಂದರ ಪಕ್ಕ ಒಂದು, ಸಂದಿಯಿಲ್ಲದೆ, ನಗುತ್ತ ಬಂದು ಕೂತವು. ಬೇಲಿಯ ಆಚೆ ಹೋಗುತ್ತಿದ್ದ ಬಸ್ಸೊಂದರ ಕಿಟಕಿಯಿಂದ ಏನೂ ತಿಳಿಯದ ಯಾರೋ "ಸಕತ್ತಾಗಿದೆ ಗುರುವೇ!" ಎಂದು ಕೂಗಿ ಶಿಳ್ಳೆ ಹೊಡೆದರು. ಇಸಿತೊಲೊನಿಗೆ ಆ ಗಾಜನ್ನು ಹಣೆಯಿಂದ ಒಡೆದುಬಿಡೋಣ ಅನ್ನಿಸಿತು. ಕೊನೆಯ ಕೆಂಪು ಅಂಚೆಳೆದು ಇಳಿದ.

ಇನ್ಸ್‌ಪೆಕ್ಟರ್ ಡ್ರೈವರನ ಬಾಗಿಲ ಕಡೆ ಹೊರಟ. ಅಜ್ಜಿ ಕೋಲು ಅಡ್ಡ ಹಿಡಿದಳು.

"ನೀವಲ್ಲ ಸ್ವಾಮಿ. ಅವನು ಕೂರಲಿ."

ಬಸ್ಸಿನ ಹಣೆಯ ಮೇಲೆ ಆಯುಷ್ಯವೆಲ್ಲ ಬರೆದವನು ಆ ಸೀಟಿನಲ್ಲಿ ಒಂದು ದಿನವೂ ಕೂತಿರಲಿಲ್ಲ. ಹತ್ತಿ ಕೂತ. ಎದುರಿಗೆ ಅಂಗಳದ ಆಚೆ ತುದಿ, ಬೇಲಿ, ಸಮುದ್ರ, ಎಲ್ಲ ಚೆನ್ನಾಗಿ ಕಂಡವು. ಕೆಳಗೆ ಅಕ್ಷರಗಳ ಬೆನ್ನು. ಈ ಕಡೆಯಿಂದ ಅವಕ್ಕೆ ಬಣ್ಣವೂ ಇಲ್ಲ, ನಗುವೂ ಇಲ್ಲ. ಬಿಸಿಲಿಗೆ ಅಡ್ಡ ನಿಂತ ಕಪ್ಪು ಗೋಡೆ, ಅಷ್ಟೆ.

ಎಡಗಡೆ ಬಾಗಿಲ ಹತ್ತಿರ ಅಜ್ಜಿಯ ಬಿಳಿ ತಲೆ ಕಂಡಿತು. ಅವಳು ಕೋಲೂರಿಕೊಂಡು ಬಸ್ಸಿನ ಮುಂದಕ್ಕೆ ನಡೆದಳು. ಬಾಗಿದ ಬೆನ್ನಿನ ಅವಳ ಎತ್ತರ ಏಳು ವರ್ಷದ ಮಗುವಿನಷ್ಟೇ ಇತ್ತು. ಒಂದು ಹೆಜ್ಜೆ ಕಂಡಳು, ಎರಡನೆಯದಕ್ಕೆ ಇಲ್ಲ. ಇಸಿತೊಲೊ ಕತ್ತು ಉದ್ದ ಮಾಡಿದ, ಗಿಡ್ಡ ಮಾಡಿದ. ಬಲಗಡೆಯಿಂದ ಹೊರಬರುತ್ತಾಳೆಂದು ಕಾದ. ಬರಲಿಲ್ಲ. ಅಂದು ರಸ್ತೆ ಖಾಲಿ ಬಿದ್ದಂತೆ ಬಸ್ಸಿನ ಮುಂದಿನ ಅಂಗಳ ಖಾಲಿ ಬಿದ್ದಿತ್ತು.

ಬಸ್ಸಿನ ಬುಡದಿಂದ, ತೀರಾ ಹತ್ತಿರದಿಂದ ದನಿ ಬಂತು.

"ಇಲ್ಲೇ ನಿಂತಿದೀನಿ. ಕಾಣ್ತೀನಾ?"

ಇಸಿತೊಲೊ ಏನೋ ಅಂದ, ಅದು ಅವನಿಗೇ ಕೇಳಿಸಲಿಲ್ಲ.

"ಗಟ್ಟಿಯಾಗಿ ಹೇಳು" ಎಂದಳು ಅಜ್ಜಿ. "ಆ ಹುಡುಗನಿಗೆ ಕೇಳಬೇಕು. ಎಲ್ಲರಿಗೂ ಕೇಳಬೇಕು."

ಮಲಾಕಿ ಬಸ್ಸಿನ ಪಕ್ಕ ಸೇರಿದ್ದ ಗುಂಪಿನ ಮುಂದೆ ನಿಂತಿದ್ದ. ಇಸಿತೊಲೊ ಅವನ ಮುಖವನ್ನೇ ನೋಡುತ್ತ ಕಿಟಕಿಯಿಂದ ತಲೆ ಹೊರಹಾಕಿದ.

"ಕಾಣ್ತಿಲ್ಲ" ಎಂದು ಕೂಗಿದ. "ಕಾಣ್ತಿಲ್ಲ ಅಜ್ಜಿ. ಏನೂ ಕಾಣ್ತಿಲ್ಲ."